ಮತ ನಮ್ಮದು, ಮತಿ ಯಾರದು?

ಓದುಗರು ಕೇಳಿದ್ದು, ನಾವು ಹೇಳಿದ್ದು

ರಾಜಕೀಯ ನಿಲುವುಗಳು ಮನುಷ್ಯನಿಗೆ ಎಲ್ಲಿಂದ ಬರುತ್ತವೆ ಎಂಬ ವಿಷಯವಾಗಿ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ನಾಲ್ಕೂ ಉತ್ತರ ಕನ್ನಡ ಜಿಲ್ಲೆಯವು. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ; ಇಂದಿನ ಪಕ್ಷಗಳ ಹೆಸರುಗಳನ್ನು ನನ್ನ ಇಚ್ಛೆಯಂತೆ ಬಿಟ್ಟಿದ್ದೇನೆ. ಏಕೆಂಬುದು ಕೊನೆಯ ಉತ್ತರದಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆ. ಅಜ್ಜ, ಅಪ್ಪಯ್ಯ, ಚಿಕ್ಕಪ್ಪ ಎಲ್ಲರೂ ಒಂದೇ ಪಕ್ಷಕ್ಕೆ ಮತ ಹಾಕುತ್ತ ಬಂದವರು. ನಾನು ಹಾಗಲ್ಲ, ಓದಿ ತಿಳಿದು ನಿಲುವು ತಳೆದವಳು ಎಂದುಕೊಂಡಿದ್ದೆ. ಆದರೆ ನಾನು ತಳೆದದ್ದೂ ಅವರ ನಿಲುವನ್ನೇ. ಈಗ ಕಾರವಾರದ ಹಾಸ್ಟೆಲಿನಲ್ಲಿದ್ದೇನೆ. ನನ್ನ ಕೋಣೆಯ ಗೆಳತಿ ಮೀನುಗಾರರ ಮನೆಯವಳು, ನನಗಿಂತ ಹೆಚ್ಚು ಓದುವವಳು. ಅವಳ ನಿಲುವು ನನ್ನದಕ್ಕೆ ಪೂರ್ತಿ ವಿರುದ್ಧ, ಮತ್ತು ಅದು ಅವಳ ಮನೆಯವರದೇ ನಿಲುವು. ಹಾಗಾದರೆ ನನ್ನ ವಿಚಾರ ನನ್ನದು ಹೌದೋ ಅಲ್ಲವೋ? — ವಿದ್ಯಾರ್ಥಿನಿ, ಕಾರವಾರ

ಉತ್ತರ: ನೀವು ಶಿರಸಿ ಸೀಮೆಯವರಾದ್ದರಿಂದ ತಾಳಮದ್ದಲೆಯನ್ನು ಕೇಳಿಯೇ ಇರುತ್ತೀರಿ. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲಿಯೇ ಪಾತ್ರ ಕಟ್ಟುವ ಆ ಕಲೆಯಲ್ಲಿ ಪಳಗಿದ ಅರ್ಥಧಾರಿಯೊಬ್ಬರು ಇಂದು ವಾಲಿಯಾಗಿ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರವೇ ಹೊಳೆಯದಂತೆ ಪ್ರಶ್ನೆ ಹಾಕುತ್ತಾರೆ. ನಾಳೆ ಇನ್ನೊಂದೂರಿನಲ್ಲಿ ರಾಮನ ಅರ್ಥ ಪಾಲಿಗೆ ಬಂದರೆ ಅದೇ ವಾಲಿಯ ಬಾಯಿ ಕಟ್ಟಿಸುತ್ತಾರೆ. ಎರಡು ದಿನವೂ ಅವರ ಮಾತಿನಲ್ಲಿ ಕಪಟವಿರುವುದಿಲ್ಲ. ಪಾತ್ರ ಮೊದಲು ನಿಶ್ಚಯವಾಗುತ್ತದೆ, ವಾದ ಅದರ ಬೆನ್ನಿಗೆ ಹುಟ್ಟುತ್ತದೆ. ರಾಜಕೀಯದ ವಿಷಯದಲ್ಲಿ ನಮ್ಮೆಲ್ಲರ ಬುದ್ಧಿಯೂ ಬಹುಮಟ್ಟಿಗೆ ಈ ಕ್ರಮದಲ್ಲಿಯೇ ಕೆಲಸ ಮಾಡುತ್ತದೆ ಎಂದು ನನ್ನ ತಿಳಿವಳಿಕೆ. ಅರ್ಥಧಾರಿಗೆ ತನಗೆ ಪಾತ್ರ ಹಂಚಿದವರು ಯಾರೆಂದು ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ, ಅಷ್ಟೇ.

ಹಂಚುವವರಲ್ಲಿ ಮೊದಲನೆಯದು ಮನೆ. ಅಮೆರಿಕದ ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಎಂಬ ವಿದ್ವಾಂಸರು 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಗಳನ್ನೂ ಬೇರೆ ಬೇರೆಯಾಗಿ ಸಂದರ್ಶಿಸಿದರು. ಅದೇ ವಿದ್ಯಾರ್ಥಿಗಳನ್ನು 1973, 1982 ಮತ್ತು 1997ರಲ್ಲಿ ಮತ್ತೆ ಮಾತನಾಡಿಸಲಾಯಿತು. 'ಇದು ನಮ್ಮ ಪಕ್ಷ' ಎಂಬ ಭಾವನೆ ತಂದೆತಾಯಿಯಿಂದ ಮಕ್ಕಳಿಗೆ ಗಟ್ಟಿಯಾಗಿ ದಾಟುತ್ತದೆ, ಆದರೆ ಒಂದೊಂದು ವಿಷಯದ ಮೇಲಿನ ಅಭಿಪ್ರಾಯಗಳು ಅಷ್ಟು ಗಟ್ಟಿಯಾಗಿ ದಾಟುವುದಿಲ್ಲ ಎಂದು ಅವರು ಕಂಡುಕೊಂಡರು. ಮನೆ ನಮಗೆ ಕೊಡುವುದು ವಿಚಾರಕ್ಕಿಂತ ಹೆಚ್ಚಾಗಿ 'ನಮ್ಮವರು' ಎಂಬ ಒಂದು ಗೆರೆಯನ್ನು.

ಆ ಗೆರೆ ಹೇಗೆ ಬೀಳುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಾನು ಹುಟ್ಟಿದ್ದು ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಭೂಸುಧಾರಣಾ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರದ ವಶಕ್ಕೆ ಹೋಗಿ, ಉಳುತ್ತಿದ್ದವರು ಏಳನೆಯ ನಮೂನೆಯ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳುವ ಕಾಲ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಊರವರ ಬಾಯಲ್ಲಿ ಅದು 'ಡಿಕ್ಲರೇಶನ್ ಕೊಡುವುದು'. ನಮ್ಮದು ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ಮನೆ. ಆ ಗದ್ದೆ ಮಾಡುತ್ತಿದ್ದವರು ಹಳ್ಳದಾಚೆಯ ಮನೆಯವರು. ಡಿಕ್ಲರೇಶನ್ನಿನ ಮಾತು ಎದ್ದರೆ ನಮ್ಮ ಅಜ್ಜಿ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಹಳ್ಳದಾಚೆಯ ಮನೆಯಲ್ಲಿ, ಕೆಲವು ವರ್ಷಗಳ ಮೇಲೆ ಹಕ್ಕು ಮಂಜೂರಾದ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ಚೌತಿಯ ದಿನ ಗಣಪತಿಯ ಪಕ್ಕದಲ್ಲಿ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಆ ಮನೆಯ ಮಗ ಮತ್ತು ನಾನು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪೌರನೀತಿಯ ಪಾಠ ಓದಿದವರು. ನಮ್ಮಿಬ್ಬರಿಗೂ ಯಾರೂ ಪಕ್ಷದ ಹೆಸರು ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಸರಕಾರ ಎಂದರೆ ಕಸಿದುಕೊಳ್ಳುವುದು ಎಂದು ನನಗೆ, ಸರಕಾರ ಎಂದರೆ ಕೊಡುವುದು ಎಂದು ಅವನಿಗೆ, ಮೀಸೆ ಮೂಡುವ ಮೊದಲೇ ತಿಳಿದುಹೋಗಿತ್ತು. ಮುಂದೆ ನಾನು ಓದಿದ ಅರ್ಥಶಾಸ್ತ್ರವೆಲ್ಲ ಬಹಳ ವರ್ಷ ಆ ಅಜ್ಜಿಯ ಊಟದ ಎಲೆಗೆ ಬರೆದ ಭಾಷ್ಯವೇ ಆಗಿತ್ತು ಎಂದು ಈಗ ಅನಿಸುತ್ತದೆ. ನಾನು ರಾಜ್ಯಶಾಸ್ತ್ರದ ಮಾಸ್ತರನಾದವನು ಎಂಬುದನ್ನು ಇಲ್ಲಿ ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು.

ಆದರೆ ಮನೆಯ ಗೆರೆ ಕಲ್ಲಿನ ಮೇಲಿನದಲ್ಲ. ಎಲಿಯಾಸ್ ದಿನಾಸ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಸಂಗತಿಯಿದೆ: ರಾಜಕೀಯವನ್ನು ಹೆಚ್ಚು ಮಾತನಾಡುವ ಮನೆಯ ಮಕ್ಕಳು ತಂದೆತಾಯಿಯ ಪಕ್ಷವನ್ನು ಬೇಗ ಹಿಡಿಯುತ್ತಾರೆ, ಮತ್ತು ಮನೆ ಬಿಟ್ಟು ಹೊರಗೆ ಹೋದ ಮೇಲೆ ಅದನ್ನು ಬಿಡುವವರಲ್ಲಿಯೂ ಅವರೇ ಮುಂದು. ರಾಜಕೀಯದ ಮಾತು ಅವರ ಕಿವಿಗೆ ಬೀಳುತ್ತಲೇ ಇರುತ್ತದೆ. ಹೊಸ ಜಾಗದಲ್ಲಿ ಹೊಸ ಮಾತು ಬಿದ್ದರೆ ಅದೂ ಒಳಗೆ ಇಳಿಯುತ್ತದೆ. ಹಾಸ್ಟೆಲ್ ಅಂಥ ಜಾಗ. ಅಮೆರಿಕದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಎಂಬ ಮಹಿಳಾ ಕಾಲೇಜಿನಲ್ಲಿ ಥಿಯೋಡರ್ ನ್ಯೂಕೊಂಬ್ ಎಂಬ ಪ್ರಾಧ್ಯಾಪಕರು 1930ರ ದಶಕದಲ್ಲಿ ಇದನ್ನೇ ಗಮನಿಸಿದರು. ವಿದ್ಯಾರ್ಥಿನಿಯರು ಬರುತ್ತಿದ್ದುದು ಬಹುತೇಕ ಸ್ಥಿತಿವಂತ, ಸಂಪ್ರದಾಯಶೀಲ ಮನೆಗಳಿಂದ. ಕಾಲೇಜಿನ ಅಧ್ಯಾಪಕರು ಮತ್ತು ಹಿರಿಯ ವಿದ್ಯಾರ್ಥಿನಿಯರು ಹೊಸ ವಿಚಾರದವರು. 1936ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮೊದಲ ವರ್ಷದವರಲ್ಲಿ ಶೇಕಡ 62ರಷ್ಟು ಹುಡುಗಿಯರು ಸಂಪ್ರದಾಯದ ಕಡೆಯ ರಿಪಬ್ಲಿಕನ್ ಅಭ್ಯರ್ಥಿಯ ಪರ ಇದ್ದರೆ, ಕೊನೆಯ ಎರಡು ವರ್ಷದವರಲ್ಲಿ ಹಾಗಿದ್ದವರು ಶೇಕಡ 15 ಮಾತ್ರ. ಇಪ್ಪತ್ತೈದು ವರ್ಷಗಳ ನಂತರ ಅವರನ್ನು ಹುಡುಕಿ ಕೇಳಿದಾಗ ಹೆಚ್ಚಿನವರು ಕಾಲೇಜಿನಲ್ಲಿ ಕಲಿತ ನಿಲುವನ್ನೇ ಉಳಿಸಿಕೊಂಡಿದ್ದರು. ಅವರನ್ನು ಬದಲಿಸಿದ್ದು ಪಾಠವೋ, ಒಂದೇ ಮೇಜಿನಲ್ಲಿ ಉಣ್ಣುವ ಗೆಳತಿಯರ ಮೆಚ್ಚುಗೆಯೋ ಎಂದರೆ ಎರಡನೆಯದರ ಪಾಲು ದೊಡ್ಡದೆಂದೇ ನ್ಯೂಕೊಂಬರ ಬರವಣಿಗೆ ತೋರಿಸುತ್ತದೆ. ಹದಿನೆಂಟರಿಂದ ಇಪ್ಪತ್ತೈದರ ನಡುವಿನ ವಯಸ್ಸು ಹಸಿ ಮಣ್ಣಿನಂತೆ. ನೀವು ಈಗ ಆ ವಯಸ್ಸಿನಲ್ಲಿದ್ದೀರಿ, ಆದ್ದರಿಂದ ಎಚ್ಚರಿಕೆ ಎರಡೂ ಕಡೆಗೆ ಬೇಕು: ಮನೆಯವರ ನಿಲುವನ್ನು ಬಿಟ್ಟು ಗೆಳತಿಯ ನಿಲುವನ್ನು ಹಿಡಿದ ಮಾತ್ರಕ್ಕೆ ಅದು ಸ್ವಂತದ್ದಾಗುವುದಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಮನೆಯಿಂದ ಬಂದದ್ದೆಲ್ಲ ಪರರದ್ದು ಎನ್ನುವುದಾದರೆ ಮಾತೃಭಾಷೆಯೂ ನಮ್ಮದಲ್ಲ. ಬಂದ ದಾರಿಯಿಂದ ವಿಚಾರ ಸುಳ್ಳಾಗುವುದಿಲ್ಲ. ನನ್ನ ಅಜ್ಜಿಯ ನೋವು ಸುಳ್ಳಲ್ಲ, ಹಳ್ಳದಾಚೆಯವರ ಸಂತೋಷವೂ ಸುಳ್ಳಲ್ಲ. ಆದರೆ ಭಾಷೆಗೆ ಸರಿ ತಪ್ಪು ಎಂಬುದಿಲ್ಲ, ನಿಲುವಿಗೆ ಇದೆ. ಹಾಗಾಗಿ ಅದನ್ನು ಪರೀಕ್ಷಿಸದೆ ನಿರ್ವಾಹವಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಉಪಾಯ ಒಂದೇ. ನಿಮ್ಮ ಮನೆಯ ಲಾಭ ಒಂದು ಕಡೆ, ನೀವು ಒಪ್ಪಿದ ತತ್ತ್ವ ಇನ್ನೊಂದು ಕಡೆ ಎಳೆಯುವ ಒಂದು ವಿಷಯವನ್ನು ಹುಡುಕಿ. ನಿಮ್ಮ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಇದ್ದೇ ಇರುತ್ತದೆ. ಅರಣ್ಯಭೂಮಿಯ ಮೇಲೆ ಯಾರ ಹಕ್ಕು ಎಷ್ಟು ಎಂಬ ಪ್ರಶ್ನೆಯಲ್ಲಿ ನಿಮ್ಮ ಬೆಟ್ಟಕ್ಕೆ ಒಂದು ನ್ಯಾಯ, ಅದೇ ಕಾಡಿನಂಚಿನಲ್ಲಿ ಅತಿಕ್ರಮಣದ ಗದ್ದೆ ಮಾಡುವವನಿಗೆ ಇನ್ನೊಂದು ನ್ಯಾಯ ಹೇಳುತ್ತಿದ್ದೀರೇನು ಎಂದು ನೋಡಿಕೊಳ್ಳಿ. ನಿಮ್ಮ ಗೆಳತಿ ಕಡಲಿನ ಬಗ್ಗೆ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ನಾಡದೋಣಿಯವರ ಮನೆಯವಳೋ, ದೊಡ್ಡ ಬಲೆ ಬೀಸುವ ಯಾಂತ್ರಿಕ ಪರ್ಸಿನ್ ಬೋಟಿನವರ ಮನೆಯವಳೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆಯೇ ಎಂದು.

ಪ್ರಶ್ನೆ: ರಾಜಕೀಯ ಒಲವು ರಕ್ತದಲ್ಲಿಯೇ ಬರುತ್ತದೆ ಎಂದು ಎಲ್ಲಿಯೋ ಓದಿದೆ. ನಿಜವೇ? — ಔಷಧ ವ್ಯಾಪಾರಿ, ಹೊನ್ನಾವರ

ಉತ್ತರ: ಅರ್ಧ ನಿಜ. ಅಲ್ಫೋರ್ಡ್, ಫಂಕ್ ಮತ್ತು ಹಿಬ್ಬಿಂಗ್ ಎಂಬ ಮೂವರು 2005ರಲ್ಲಿ ಅವಳಿ ಜವಳಿಗಳ ಮಾಹಿತಿಯನ್ನು ಹೋಲಿಸಿ ನೋಡಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಸಾಮಾಜಿಕ ಧೋರಣೆಗಳು ಎರಡು ಅಂಡದ ಅವಳಿಗಳಿಗಿಂತ ಹೆಚ್ಚು ಹೊಂದುತ್ತವೆ, ಆದ್ದರಿಂದ ಹೊಸತನ್ನು ಕಂಡರೆ ಹಿಂಜರಿಯುವ ಅಥವಾ ಮುನ್ನುಗ್ಗುವ ಸ್ವಭಾವದಲ್ಲಿ ಹುಟ್ಟಿನ ಪಾಲು ಇದೆ ಎಂಬುದು ಅವರ ವಾದ. ಆದರೆ ಯಾವ ಪಕ್ಷ ಎಂಬುದರಲ್ಲಿ ಆ ಪಾಲು ತೀರ ಕಡಿಮೆ ಎಂದೂ ಅವರೇ ಹೇಳಿದ್ದಾರೆ. ಒಂದೇ ಅಂಡದ ಅವಳಿಗಳನ್ನು ಊರಿನವರೂ ಒಂದೇ ರೀತಿ ನಡೆಸಿಕೊಳ್ಳುತ್ತಾರಲ್ಲ, ಆ ಪಾಲನ್ನು ರಕ್ತದ ಲೆಕ್ಕಕ್ಕೆ ಸೇರಿಸುವುದು ಸರಿಯೇ ಎಂಬ ಆಕ್ಷೇಪವೂ ಇದೆ. ನನಗೆ ಆ ಆಕ್ಷೇಪ ತೂಕದ್ದಾಗಿ ಕಾಣುತ್ತದೆ. ಸ್ವಭಾವ ಗರ್ಭದಿಂದ ಬರಬಹುದು, ಪಕ್ಷದ ಚಿಹ್ನೆ ಬರುವುದಿಲ್ಲ.

ಪ್ರಶ್ನೆ: ಸೀಬರ್ಡ್ ನೌಕಾನೆಲೆಗಾಗಿ ನಮ್ಮ ಊರೇ ಎದ್ದುಹೋಯಿತು. ಒಂದೇ ನೋಟೀಸು, ಒಂದೇ ಸಲ ಮನೆ ಬಿಟ್ಟದ್ದು, ಪರಿಹಾರಕ್ಕಾಗಿ ಒಂದೇ ಕಚೇರಿಗೆ ಅಲೆದದ್ದು. ಆದರೂ ಇಂದು ನಮ್ಮ ಪುನರ್ವಸತಿ ಕಾಲೊನಿಯಲ್ಲಿ ಮನೆಗೊಂದು ಪಕ್ಷ. ಒಂದೇ ಕಷ್ಟ ಉಂಡವರಿಗೆ ಒಂದೇ ಬುದ್ಧಿ ಯಾಕೆ ಬರಲಿಲ್ಲ? — ನಿರಾಶ್ರಿತ ಕುಟುಂಬದವರು, ಕಾರವಾರ ತಾಲ್ಲೂಕು

ಉತ್ತರ: ಕಷ್ಟಕ್ಕೆ ಬಾಯಿಯಿಲ್ಲ. ಮನೆ ಹೋಯಿತು ಎಂಬುದು ಅನುಭವ. ಯಾರಿಂದ ಹೋಯಿತು, ಯಾತಕ್ಕಾಗಿ ಹೋಯಿತು, ತಡೆಯಬಹುದಾಗಿದ್ದವರು ಯಾರು ಎಂಬುದು ಅದರ ಮೇಲೆ ನಾವು ಕಟ್ಟಿಕೊಳ್ಳುವ ವಿವರಣೆ. ರಾಜಕೀಯ ನಂಬಿಕೆ ಹುಟ್ಟುವುದು ಎರಡನೆಯದರಲ್ಲಿ. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದು 2005ರಲ್ಲಿ ಅದು ಕಾರ್ಯಾರಂಭ ಮಾಡುವವರೆಗಿನ ಅವಧಿಯಲ್ಲಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅದೇ ಸಂಗತಿಯನ್ನು ಒಬ್ಬ 'ದೇಶಕ್ಕಾಗಿ ಕೊಟ್ಟೆ' ಎನ್ನುತ್ತಾನೆ, ಇನ್ನೊಬ್ಬ 'ದೆಹಲಿಯವರು ಕಿತ್ತುಕೊಂಡರು' ಎನ್ನುತ್ತಾನೆ, ಮೂರನೆಯವನು 'ಗುಮಾಸ್ತರು ತಿಂದರು' ಎನ್ನುತ್ತಾನೆ, ನಾಲ್ಕನೆಯವನು ಅಣ್ಣತಮ್ಮಂದಿರ ನಡುವೆ ಪರಿಹಾರ ಹಂಚಿದ ಬಗೆಯನ್ನೇ ಇಂದಿಗೂ ಮರೆತಿಲ್ಲ. ನಾಲ್ವರೂ ನಾಲ್ಕು ಬೇರೆ ಕಡೆ ಮತ ಹಾಕಿದರೆ ಆಶ್ಚರ್ಯವೇನು?

ಕಥೆ ಹೇಳುವ ರೀತಿಯೂ ಇದನ್ನು ಬದಲಿಸುತ್ತದೆ. ಶಾಂತೊ ಅಯ್ಯಂಗಾರ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಬಡತನದ ಸುದ್ದಿಯನ್ನು ಒಬ್ಬ ವ್ಯಕ್ತಿಯ ಪಾಡಾಗಿ ತೋರಿಸಿದಾಗ ನೋಡಿದವರು ಆ ವ್ಯಕ್ತಿಯನ್ನೇ ಹೊಣೆ ಮಾಡಿದರು. ಒಟ್ಟು ದೇಶದ ಸ್ಥಿತಿಯಾಗಿ ತೋರಿಸಿದಾಗ ಸರಕಾರವನ್ನು ಹೊಣೆ ಮಾಡಿದರು. ನಿರಾಶ್ರಿತರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಒಬ್ಬ ಅಜ್ಜಿಯ ಚಿತ್ರದೊಂದಿಗೆ ಬರುತ್ತದೆ ಎಂಬುದನ್ನು ನೆನೆಸಿಕೊಳ್ಳಿ. ಅನುಕಂಪಕ್ಕೆ ಅದು ಒಳ್ಳೆಯದು, ಹೊಣೆ ಹುಡುಕಲು ಅಲ್ಲ.

ಕಷ್ಟಕ್ಕೆ ಒಂದೇ ಬಾಯಿ ಸಿಕ್ಕ ಸಂದರ್ಭಗಳೂ ನಮ್ಮ ಜಿಲ್ಲೆಯಲ್ಲಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿಯಲು ಬಂದವರ ಮುಂದೆ ಮರಗಳನ್ನು ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ ಎಂದು ಹೆಸರಾದ ಆ ಚಳವಳಿಯ ಹಿಂದೆ ತತ್ತ್ವಕ್ಕಿಂತ ಮೊದಲು ಇದ್ದದ್ದು ಬತ್ತುತ್ತಿದ್ದ ಒರತೆ, ಸಿಗದಾದ ಸೊಪ್ಪು. ಆದರೆ ಒರತೆ ಬತ್ತಿದ್ದಕ್ಕೂ ಸಹಜ ಕಾಡು ಕಡಿದು ಒಂದೇ ಜಾತಿಯ ಮರ ನೆಟ್ಟದ್ದಕ್ಕೂ ಸಂಬಂಧ ಕಲ್ಪಿಸಿ ಊರೂರಲ್ಲಿ ಹೇಳಿದವರು ಇದ್ದರು, ಮತ್ತು ಹೇಳಿದವರು ಊರಿನವರಿಗೆ ಬೇಕಾದವರಾಗಿದ್ದರು. ಅಮೆರಿಕದ ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 1940ರ ಚುನಾವಣೆಯನ್ನು ಅಭ್ಯಸಿಸಿದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರಿಗೂ ಇದೇ ಕಂಡಿತ್ತು: ಪತ್ರಿಕೆ, ರೇಡಿಯೋಗಳ ಪ್ರಚಾರ ಹೆಚ್ಚಿನವರ ಮನಸ್ಸನ್ನು ಬದಲಿಸಲಿಲ್ಲ, ಇದ್ದ ಒಲವನ್ನು ಗಟ್ಟಿ ಮಾಡಿತು ಅಷ್ಟೇ; ಬದಲಿಸಿದಾಗ ಬದಲಿಸಿದವರು ಪರಿಚಿತರು. ನಮ್ಮಲ್ಲಾದರೆ ಸೊಸೈಟಿಯ ಜಗುಲಿ, ಬಂದರದ ಚಹಾದಂಗಡಿ ಎನ್ನಬೇಕು.

ಎರಡು ಚುನಾವಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1967ರಲ್ಲಿ ದಿನಕರ ದೇಸಾಯಿಯವರು ಇದೇ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಗೆದ್ದರು. 1989ರಲ್ಲಿ ಶಿವರಾಮ ಕಾರಂತರು, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರದ ವಿರೋಧವನ್ನೂ ಪರಿಸರದ ಪ್ರಶ್ನೆಯನ್ನೂ ಮುಂದಿಟ್ಟುಕೊಂಡು ಇಲ್ಲಿಂದಲೇ ನಿಂತು ಸೋತರು. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದ ಮೇಲೆ ನಡೆದ ಮೊದಲ ಮಹಾಚುನಾವಣೆ ಅದು. ಹುಡುಗರು ಕೈಹಿಡಿದಾರು ಎಂದು ನಮ್ಮಲ್ಲಿ ಕೆಲವರು ನಂಬಿದ್ದೆವು. ಕಾರಂತರನ್ನು ಗೌರವಿಸದವರು ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ದೇಸಾಯಿಯವರು ಗೆಲ್ಲುವ ಮೊದಲು ದಶಕಗಳ ಕಾಲ ರೈತಕೂಟ ಕಟ್ಟಿದ್ದರು, ಬ್ರಿಟಿಷರಿಂದ ಜಿಲ್ಲೆಯ ಹೊರಗೆ ಹಾಕಿಸಿಕೊಂಡಿದ್ದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳಿಗೆ ಶಾಲೆ ತಂದಿದ್ದರು. ಗೇಣಿದಾರನಿಗೆ ತನ್ನ ಕಷ್ಟದ ಕಾರಣವನ್ನು ಹೇಳಿಕೊಳ್ಳುವ ಮಾತನ್ನೇ ಅವರು ಕಲಿಸಿದ್ದರು. ಮತ ಆಮೇಲೆ ಬಂತು. ಕಾರಂತರು ಕೇಳಿದ್ದು ಇನ್ನೂ ಯಾರೂ ಉಣ್ಣದ ಕಷ್ಟವೊಂದರ ಮೇಲೆ, ಕೆಲವೇ ವಾರಗಳಲ್ಲಿ, ಮತವನ್ನು. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು, ನನ್ನ ಎಣಿಕೆಯಲ್ಲಿ ಇದು ದೊಡ್ಡದು.

ಹಾಗಾಗಿ ನಿಮ್ಮ ಕಾಲೊನಿಯಲ್ಲಿ ಬುದ್ಧಿ ಕಡಿಮೆಯಾದದ್ದಲ್ಲ. ನೆಲ ಹೋದಾಗ ಊರು ಚದುರಿತು, ಊರು ಚದುರಿದಾಗ ಒಟ್ಟಿಗೆ ಕುಳಿತು ಒಂದು ವಿವರಣೆ ಕಟ್ಟುತ್ತಿದ್ದ ಜಾಗವೂ ಹೋಯಿತು; ಉಳಿದ ಜಾಗದಲ್ಲಿ ಪಕ್ಷಗಳು ತಂತಮ್ಮ ವಿವರಣೆಯನ್ನು ಮನೆಮನೆಗೆ ತಂದುಕೊಟ್ಟವು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು ಎಪ್ಪತ್ತೈದು. ನನ್ನ ತಂದೆಯವರು 1930ರಲ್ಲಿ ಇಲ್ಲಿಯ ಉಪ್ಪಿನ ಸತ್ಯಾಗ್ರಹದಲ್ಲಿದ್ದವರು. ಬೆಂಗಳೂರಿನಲ್ಲಿರುವ ಮಗ ಬೇರೆ ಪಕ್ಷದ ಕಟ್ಟಾ ಅಭಿಮಾನಿ. ಅವನು ವಾಟ್ಸಾಪಿನಲ್ಲಿ ಕಳುಹಿಸುವ ಪ್ರತಿಯೊಂದು ಸುಳ್ಳಿಗೂ ನಾನು ಅಂಕಿ ಅಂಶ, ಪತ್ರಿಕೆಯ ತುಣುಕು ಕಳುಹಿಸುತ್ತೇನೆ. ಅವನು ಇನ್ನಷ್ಟು ಗಟ್ಟಿಯಾಗುತ್ತಾನೆ. ಕಳೆದ ಚುನಾವಣೆಯಿಂದ ಮಾತೇ ನಿಂತಿದೆ. ಪುರಾವೆಗೆ ಬೆಲೆಯೇ ಇಲ್ಲವೇ? — ಅಂಕೋಲಾ

ಉತ್ತರ: ಮಾಸ್ತರರೇ, ಪುರಾವೆಗೆ ಬೆಲೆಯಿದೆ, ಆದರೆ ಅದನ್ನು ತೂಗುವವನು ತಕ್ಕಡಿಯ ಒಂದು ತಟ್ಟೆಯ ಮೇಲೆ ಮೊದಲೇ ಕೈಯಿಟ್ಟಿರುತ್ತಾನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದು 1979ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಣದಂಡನೆಯ ಪರವಾಗಿದ್ದ 24, ವಿರುದ್ಧವಾಗಿದ್ದ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳನ್ನು ಓದಲು ಕೊಟ್ಟರು. ಒಂದು ಪರ, ಇನ್ನೊಂದು ವಿರೋಧ. ಎರಡೂ ಗುಂಪಿನವರು ತಮಗೆ ಹಿಡಿಸಿದ ಅಧ್ಯಯನವನ್ನು ಉತ್ತಮವೆಂದು, ಹಿಡಿಸದ್ದನ್ನು ದೋಷಪೂರಿತವೆಂದು ಕಂಡು, ಎರಡನ್ನೂ ಓದಿದ ಮೇಲೆ ತಮ್ಮ ನಿಲುವು ಇನ್ನಷ್ಟು ಬಲವಾಯಿತೆಂದರು. ಜೆಫ್ರಿ ಕೋಹೆನ್ ಎಂಬ ಸಂಶೋಧಕರು 2003ರಲ್ಲಿ ತೋರಿಸಿದ್ದು ಇನ್ನೂ ಕಟುವಾದದ್ದು: ಒಂದೇ ಕಲ್ಯಾಣ ಯೋಜನೆಯನ್ನು 'ನಿಮ್ಮ ಪಕ್ಷ ಬೆಂಬಲಿಸಿದೆ' ಎಂದು ಹೇಳಿ ಕೊಟ್ಟರೆ ಜನ ಒಪ್ಪಿದರು, 'ಎದುರು ಪಕ್ಷ ಬೆಂಬಲಿಸಿದೆ' ಎಂದರೆ ತಿರಸ್ಕರಿಸಿದರು, ಯೋಜನೆಯಲ್ಲಿ ಏನಿದೆ ಎಂಬುದು ಹಿಂದೆ ಬಿತ್ತು, ಪಕ್ಷದ ಹೆಸರು ತಮ್ಮ ಮೇಲೆ ಪ್ರಭಾವ ಬೀರಿತೆಂದು ಅವರು ಒಪ್ಪಲಿಲ್ಲ. ಈ ಅಂಕಣದಲ್ಲಿ ನಾನು ಪಕ್ಷಗಳ ಹೆಸರು ಬಿಟ್ಟದ್ದು ಇದಕ್ಕೇ. ಹೆಸರು ಬಂದಿದ್ದರೆ ನೀವಾಗಲಿ ನಿಮ್ಮ ಮಗನಾಗಲಿ ಇಲ್ಲಿಯವರೆಗೆ ಓದುತ್ತಿರಲಿಲ್ಲ.

ಹಾಗೆಂದು ತಿದ್ದಿದರೆ ಜನ ಯಾವಾಗಲೂ ಉಲ್ಟಾ ತಿರುಗುತ್ತಾರೆ ಎಂಬ ಮಾತೂ ಪೂರ್ತಿ ನಿಜವಲ್ಲ. 2010ರಲ್ಲಿ ಬಂದ ಒಂದು ಅಧ್ಯಯನ ಹಾಗೆ ಹೇಳಿ ಬಹಳ ಹೆಸರಾಯಿತು. ಆದರೆ 2019ರಲ್ಲಿ ವುಡ್ ಮತ್ತು ಪೋರ್ಟರ್ ಎಂಬವರು ಸಾವಿರಾರು ಜನರ ಮೇಲೆ ಹತ್ತಾರು ವಿಷಯಗಳನ್ನು ಪರೀಕ್ಷಿಸಿ, ತಿದ್ದಿದ ಸಂಗತಿಯನ್ನು ಹೆಚ್ಚಿನವರು ಒಪ್ಪುತ್ತಾರೆ ಎಂದು ಕಂಡರು. ತೊಡಕು ಇರುವುದು ಆಮೇಲೆ. ಸಂಗತಿ ಒಪ್ಪಿದರೂ ಪಕ್ಷ ಬದಲಾಗುವುದಿಲ್ಲ, ಏಕೆಂದರೆ ಪಕ್ಷ ಆ ಸಂಗತಿಯ ಮೇಲೆ ನಿಂತಿರಲಿಲ್ಲ. ನೀವು ಕಳುಹಿಸುವ ತುಣುಕು ನಿಮ್ಮ ಮಗನಿಗೆ ಸರಕಾರದ ಲೆಕ್ಕವಾಗಿ ಕಾಣುವುದಿಲ್ಲ, ಉತ್ತರಪತ್ರಿಕೆಯ ಮೇಲೆ ಅಪ್ಪನ ಕೆಂಪು ಶಾಯಿಯಾಗಿ ಕಾಣುತ್ತದೆ. ಅವನು ಸಮರ್ಥಿಸಿಕೊಳ್ಳುವುದು ಪಕ್ಷವನ್ನಲ್ಲ, ತನ್ನನ್ನು ಮತ್ತು ಬೆಂಗಳೂರಿನಲ್ಲಿ ತನಗೆ ಸಿಕ್ಕ ಜನರನ್ನು.

ಕೆಲಸ ಮಾಡಿದ ಒಂದು ವಿಧಾನವನ್ನು ಹೇಳಬಲ್ಲೆ. ಬ್ರೂಕ್‌ಮನ್ ಮತ್ತು ಕಲ್ಲಾ ಎಂಬವರು 2016ರಲ್ಲಿ ಪ್ರಕಟಿಸಿದ, ಅಮೆರಿಕದ ಮಯಾಮಿಯಲ್ಲಿ ನಡೆದ ಪ್ರಯೋಗದಲ್ಲಿ, ಕಾರ್ಯಕರ್ತರು ಮನೆಮನೆಗೆ ಹೋಗಿ ಲಿಂಗ ಅಲ್ಪಸಂಖ್ಯಾತರ ಬಗ್ಗೆ ಸುಮಾರು ಹತ್ತು ನಿಮಿಷ ಮಾತನಾಡಿದರು. ಅವರು ವಾದಿಸಲಿಲ್ಲ, ನಿಮ್ಮನ್ನು ಯಾರಾದರೂ ಬೇರೆಯವರೆಂದು ಕೀಳಾಗಿ ಕಂಡ ಪ್ರಸಂಗ ಇದೆಯೇ ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರು. ಅಷ್ಟರಿಂದ ಕಡಿಮೆಯಾದ ಪೂರ್ವಗ್ರಹ ಮೂರು ತಿಂಗಳ ನಂತರವೂ ಹಾಗೆಯೇ ಇತ್ತು. ಅದು ಅಪರಿಚಿತರ ನಡುವಿನ ಮಾತು. ಅಪ್ಪ ಮಗನ ನಡುವೆ ಹತ್ತು ನಿಮಿಷ ಸಾಲದು, ಮತ್ತು ಫೋನಿನಲ್ಲಿ ಆಗದು. ಮಗ ಚೌತಿಗೆ ಊರಿಗೆ ಬಂದಾಗ, ಏನು ನಂಬುತ್ತಾನೆ ಎಂದು ಕೇಳುವ ಬದಲು ಯಾವಾಗಿನಿಂದ ನಂಬುತ್ತಾನೆ, ಆಗ ಅವನ ಜೊತೆ ಯಾರಿದ್ದರು, ಏನಾಗಿತ್ತು ಎಂದು ಕೇಳಿ. ನಡುವೆ ತಿದ್ದಬೇಡಿ, ಶಿಕ್ಷಕರಿಗೆ ಇದು ಕಷ್ಟವೆಂದು ನನಗೆ ಗೊತ್ತು.

ಆಮೇಲೆ ನಿಮ್ಮದನ್ನು ಹೇಳಿ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಮಗನಿಗೆ ಕಳುಹಿಸಿದ ಅಂಕಿಗಳೇ ಮೂರು ಪುಟ ಇವೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲಂಚಿನಲ್ಲಿ ಉಪ್ಪು ತೆಗೆದವರ ನಡುವೆ ನಿಮ್ಮ ತಂದೆಯವರೂ ಇದ್ದರು ಎಂಬುದಕ್ಕೆ ಸಿಕ್ಕಿದ್ದು ಒಂದೇ ಸಾಲು. ಆ ದಿನದ ಬಗ್ಗೆ ಅವರು ಮನೆಯಲ್ಲಿ ಏನು ಹೇಳುತ್ತಿದ್ದರು, ಅದನ್ನು ಕೇಳಿದಾಗ ನಿಮಗೆ ಎಷ್ಟು ವಯಸ್ಸು, ಯಾವ ಕೋಣೆಯಲ್ಲಿ ಕುಳಿತಿದ್ದಿರಿ ಎಂಬುದನ್ನು ಮಗನಿಗೆ ಹೇಳಿದ್ದೀರಾ?